ಕಾರಿನೊಳಗೆ ಕುಳಿತವರ ವಿಮೆ



ಶಿರಾಳಕೊಪ್ಪಕ್ಕೆ ಅನತಿದೂರದಲ್ಲಿರುವ ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಶಿಲಾಸ್ತಂಭವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಗುರು ವೀರಶರ್ಮನೊಡನೆ ಕಾಂಚಿಯ ಘಟಿಕೆಗೆ ವಿದ್ಯಾರ್ಥಿಯಾಗಿ ತೆರಳಿದ ಮಯೂರಶರ್ಮನು ಅಲ್ಲಿ ಪಲ್ಲವರ ಅಶ್ವಾರೋಹಿಯೊಬ್ಬನ ನಿಮಿತ್ತವಾಗಿ ಘೋರ ಕಲಹದಲ್ಲಿ ಸಿಲುಕಿ, ದರ್ಭೆಯನ್ನು ಹಿಡಿದ ಕೈಯಲ್ಲಿ ಖಡ್ಗವನ್ನು ಹಿಡಿದ ವೃತ್ತಾಂತವನ್ನು ಕುಬ್ಜಕವಿಯು ಅದರಲ್ಲಿ ನಿರೂಪಿಸಿದ್ದಾನೆ. ಓದಲೆಂದು ಮನೆಬಿಟ್ಟ ತರುಣನ ಬಾಳು ಒಬ್ಬ ಸವಾರನಿಂದ ದಿಕ್ಕು ಬದಲಿಸಿದ ಆ ಪ್ರಸಂಗವು, ಇಂದು ಅದೇ ಊರಿನಿಂದ ಶಿರಾಳಕೊಪ್ಪ, ಶಿಕಾರಿಪುರ, ಶಿವಮೊಗ್ಗಗಳ ಕಾಲೇಜುಗಳಿಗೆ ಹೊರಡುವ ಮಕ್ಕಳನ್ನು ಕಂಡಾಗಲೆಲ್ಲ ನನ್ನ ನೆನಪಿಗೆ ಬರುತ್ತದೆ.

ಬೆಳಗಿನ ಬಸ್ಸಿನಲ್ಲಿ ಕಾಲಿಡಲು ತೆರಪಿಲ್ಲದ ದಿನ, "ಬನ್ನಿರಪ್ಪ, ನಮ್ಮ ಗಾಡಿಯಲ್ಲೇ ಬಿಡುತ್ತೇನೆ" ಎಂದು ನೆರೆಮನೆಯವರು ತಮ್ಮ ಮಗನ ಜೊತೆಗೆ ಇನ್ನೂ ಮೂವರನ್ನು ಕಾರಿಗೆ ಹತ್ತಿಸಿಕೊಳ್ಳುವುದು ನಮ್ಮ ಕಡೆಯ ಸಹಜ ಸೌಜನ್ಯ. ಕಳೆದ ಮಳೆಗಾಲದಲ್ಲಿ ಅಂತಹ ಕಾರೊಂದರ ಡ್ಯಾಶ್‌ಬೋರ್ಡಿನಿಂದ ಪಾಲಿಸಿಯ ಹಾಳೆಯನ್ನು ತೆಗೆಸಿ ಓದಿದೆನು. ತೇವಕ್ಕೆ ಅಂಟಿಕೊಂಡಿದ್ದ ಮಡಿಕೆಗಳನ್ನು ಬಿಡಿಸಿದಾಗ, 'ಓನ್ ಡ್ಯಾಮೇಜ್', ಅಂದರೆ ಸ್ವಂತ ಗಾಡಿಯ ಹಾನಿ, ಎಂಬ ಅಂಕಣದಲ್ಲಿ ಸೊನ್ನೆ. ಅದರ ಪಕ್ಕದಲ್ಲಿ ಥರ್ಡ್ ಪಾರ್ಟಿಗೆ 3,416 ರೂಪಾಯಿ. ಪ್ರಯಾಣಿಕರೆಂಬ ಸಾಲು ಬರಿದು. "ಇನ್ಶೂರೆನ್ಸ್ ಕಟ್ಟಿದ್ದೇನಲ್ಲ" ಎಂದರು ಯಜಮಾನರು. ಕಟ್ಟಿದ್ದುದು ನಿಜ, ಆದರೆ ಯಾರಿಗಾಗಿ ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

1988ರ ಮೋಟಾರು ವಾಹನ ಕಾಯಿದೆಯ 146ನೆಯ ಕಲಮಿನ ಪ್ರಕಾರ ಥರ್ಡ್ ಪಾರ್ಟಿ ವಿಮೆಯಿಲ್ಲದೆ ಗಾಡಿಯನ್ನು ರಸ್ತೆಗಿಳಿಸುವಂತಿಲ್ಲ. ಅದರ ದರವನ್ನು ಸರ್ಕಾರವೇ ಗೊತ್ತುಪಡಿಸುವುದರಿಂದ ಕಂಪನಿಯಿಂದ ಕಂಪನಿಗೆ ವ್ಯತ್ಯಾಸವಿಲ್ಲ: 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಂತೆ 1,000 ಸಿ.ಸಿ.ವರೆಗಿನ ಖಾಸಗಿ ಕಾರಿಗೆ 2,094, 1,500ರವರೆಗೆ 3,416, ಅದಕ್ಕೂ ಮೇಲ್ಪಟ್ಟಲ್ಲಿ 7,897 ರೂಪಾಯಿ. ಅಮೆರಿಕದಲ್ಲಿ ಓದುತ್ತಿರುವ ನಮ್ಮವರ ಮಕ್ಕಳಿಗೆ ಸಾಮಾನ್ಯವಾಗಿ ವಯಸ್ಸಿನ ಕಾರಣದಿಂದಲೇ ವಿಮೆಯ ಹಣ ಏರುತ್ತದೆ; ನಮ್ಮ ಈ ಪಟ್ಟಿಯಾದರೋ ಎಂಜಿನ್ನಿನ ಗಾತ್ರವನ್ನು ನೋಡುತ್ತದೆಯೇ ಹೊರತು ಚಾಲಕನ ವಯಸ್ಸನ್ನಲ್ಲ.

ಮಾಲೀಕನು ಮೊದಲನೆಯವನು, ವಿಮಾಕಂಪನಿ ಎರಡನೆಯದು, ಮೂರನೆಯವರು ಯಾರು? ನಮ್ಮ ಕಾರು ತಾಗಿದ ಪಾದಚಾರಿ, ಸೈಕಲ್ಲಿನವನು, ಎದುರು ಬಂದ ಬೈಕಿನವನು. ಅವರ ಜೀವಹಾನಿ, ದೇಹಹಾನಿಗಳಿಗೆ ನ್ಯಾಯಮಂಡಳಿ ವಿಧಿಸುವ ಪರಿಹಾರಕ್ಕೆ ಈ ಪಾಲಿಸಿಯಲ್ಲಿ ಮಿತಿಯಿಲ್ಲ; ಇದು ಮಹತ್ತ್ವದ ರಕ್ಷಣೆಯೇ ಸರಿ. ಆದರೆ ಹಿಂದಿನ ಸೀಟಿನಲ್ಲಿ ಪುಸ್ತಕದ ಚೀಲವನ್ನು ತೊಡೆಯ ಮೇಲಿಟ್ಟು ಕುಳಿತ ನೆರೆಮನೆಯ ಹುಡುಗಿಯು ಆ ಮೂರನೆಯವರಲ್ಲಿ ಸೇರುವುದಿಲ್ಲ. ಬೈಕಿನ ಹಿಂಬದಿ ಸವಾರನ ವಿಷಯದಲ್ಲಿ ಸುಪ್ರೀಂ ಕೋರ್ಟು 2006ರಲ್ಲಿಯೇ ಹೀಗೆಂದು ತೀರ್ಪಿತ್ತಿತು. ಕಾರಿನೊಳಗಿನವರು ಪ್ಯಾಕೇಜ್ ಪಾಲಿಸಿಯಲ್ಲಿ, ಅಂದರೆ ಜನ ಫುಲ್ ಇನ್ಶೂರೆನ್ಸ್ ಎನ್ನುವುದರಲ್ಲಿ, ರಕ್ಷಿತರೆಂಬುದು 2012ರ ತೀರ್ಪಿನಿಂದ ಸ್ಪಷ್ಟವಾಯಿತು. ಮಗುವನ್ನು ನಂಬಿ ಕಳುಹಿಸಿದ ನೆರೆಯವರ ಮುಖವನ್ನು ನೆನೆದರೆ, ಉಳಿಸಿದ ಕೆಲವು ಸಾವಿರ ರೂಪಾಯಿ ನನಗೆ ಉಳಿತಾಯವಾಗಿ ತೋರುವುದಿಲ್ಲ.

ಮತ್ತೊಂದು ಸಂಗತಿ. ಮಾಲೀಕ-ಚಾಲಕನಿಗೆಂದು ಇರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಯು ಆರ್.ಸಿ.ಯಲ್ಲಿ ಹೆಸರಿರುವವನಿಗೆ ಮಾತ್ರ. ತಂದೆಯ ಹೆಸರಿನ ಕಾರನ್ನು ಮಗನು ಓಡಿಸಿಕೊಂಡು ಕಾಲೇಜಿಗೆ ಹೋಗುವನಾದರೆ ಆ ಮಗನಿಗೆ ಅದು ಅನ್ವಯಿಸದು. ಅವನಿಗಾಗಿ ಬೇರೆ ಏರ್ಪಾಡು ಬೇಕು. ಇನ್ನು ಮಕ್ಕಳಿಂದ ತಿಂಗಳಿಗಿಷ್ಟೆಂದು ಹಣ ಪಡೆದು ವೈಟ್ ಬೋರ್ಡಿನ ಗಾಡಿಯಲ್ಲಿ ಕರೆದೊಯ್ಯುವ ಪದ್ಧತಿ: ಬಾಡಿಗೆಗೆ ಬಳಸಿದ ಖಾಸಗಿ ಕಾರು ಪಾಲಿಸಿಯ ಷರತ್ತನ್ನೇ ಮುರಿದಂತೆ, ಫುಲ್ ಇನ್ಶೂರೆನ್ಸ್ ಇದ್ದರೂ ಕ್ಲೇಮು ತಿರಸ್ಕೃತವಾಗಬಹುದು.

ವೆಚ್ಚದ ಮಾತಿಗೆ ಬರೋಣ. ಪ್ಯಾಕೇಜ್ ಪಾಲಿಸಿಯ ಓನ್ ಡ್ಯಾಮೇಜ್ ಭಾಗವು ಗಾಡಿಯ ಸದ್ಯದ ಮೌಲ್ಯವನ್ನು ಅನುಸರಿಸುತ್ತದೆ. ಆರು ಲಕ್ಷದ ಕಾರಿಗೆ ಮೂರು ವರ್ಷ ಕಳೆದು ನಾಲ್ಕನೆಯದು ನಡೆಯುತ್ತಿರುವಾಗ ವಾಡಿಕೆಯಂತೆ ನೂರಕ್ಕೆ 40 ಕಳೆದು 3,60,000 ಉಳಿಯುತ್ತದೆ. ಕ್ಲೇಮು ಮಾಡದ ಐದು ವರ್ಷಗಳಿಗೆ ಈ ಭಾಗದಲ್ಲಿ ನೂರಕ್ಕೆ 50ರವರೆಗೆ ರಿಯಾಯಿತಿಯುಂಟು. ಆದುದರಿಂದ ಬಂಪರಿನ ಗೀರಿಗೆಲ್ಲ ಕ್ಲೇಮು ಹಾಕದಿರುವುದೇ ಲೇಸು. ಪಾಲಿಸಿ ಮುಗಿದು 90 ದಿನ ಕಳೆದರೆ ಆ ರಿಯಾಯಿತಿ ಪೂರ್ತಿ ಹೋಗುತ್ತದೆ.

ನಮ್ಮ ಮಳೆಯ ನಾಡಿನಲ್ಲಿ ಒಂದನ್ನು ಮರೆಯಬಾರದು: ನೀರಿನಲ್ಲಿ ನಿಂತ ಕಾರಿನ ಕೀಲಿಯನ್ನು ಮತ್ತೆ ಮತ್ತೆ ತಿರುಗಿಸಿ ಎಂಜಿನ್ನಿಗೆ ನೀರೆಳೆದು ಹಾಳಾದರೆ, ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆಯಿಲ್ಲದವರಿಗೆ ಆ ರಿಪೇರಿಯ ಹಣ ಸಿಗುವುದು ದುಸ್ತರ.

ನಾನು ಹೇಳಿದ ಆ ಯಜಮಾನರು ನವೀಕರಣದ ದಿನ ಏಜೆಂಟರನ್ನು ಮನೆಗೇ ಕರೆಸಿ, ಪ್ಯಾಕೇಜ್ ಪಾಲಿಸಿಗೆ ಬದಲಾಯಿಸಿದರು. ಅದರೊಡನೆ ಸೀಟೊಂದಕ್ಕೆ ಒಂದು ಲಕ್ಷದಂತೆ ಐದು ಸೀಟುಗಳಿಗೂ ಪ್ರಯಾಣಿಕರ ಅಪಘಾತ ವಿಮೆಯನ್ನು ಬರೆಯಿಸಿದರು. ಹಿಂದೆ ಬರಿದಾಗಿದ್ದ ಆ ಸಾಲಿನಲ್ಲಿ ಈಗ 250 ರೂಪಾಯಿ ಎಂದು ಮುದ್ರಿತವಾಗಿದೆ.