ಧ್ರುವನ ಹೃದಯಕ್ಕೆ ನಾಟಿದ ಮಾತು

(ಅಂಬತ್ತೂರಿನ ನಮ್ಮ ಶಾಖಾ ಮಠದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)

ನಾನು ಶಾಸ್ತ್ರಾಧ್ಯಯನ ಮಾಡಿದವನಲ್ಲ. ಡಿಪ್ಲೊಮಾ ಮುಗಿಸಿ, ರೈಲ್ವೆಯಲ್ಲಿ ಹಳಿಗಳ ಕೆಲಸ ನೋಡಿಕೊಂಡು ನಿವೃತ್ತನಾದವನು. ಪ್ರವಚನದಲ್ಲಿ ಕೇಳಿದ್ದನ್ನೂ ಮನೆಯಲ್ಲಿ ಕಂಡದ್ದನ್ನೂ ಕೂಡಿಸಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇನೆ.

ಭಾಗವತದ ಚತುರ್ಥ ಸ್ಕಂಧದ ಧ್ರುವಚರಿತ್ರೆ ತಮಗೆಲ್ಲ ತಿಳಿದದ್ದೇ. ಐದು ವರ್ಷದ ಮಗು ತಂದೆಯ ತೊಡೆ ಏರಲು ಹೋಗುತ್ತದೆ. ಮಲತಾಯಿ ಸುರುಚಿ ಕಟುವಾಗಿ ತಡೆಯುತ್ತಾಳೆ. ಉತ್ತಾನಪಾದ ಮಹಾರಾಜ ನೋಡುತ್ತಾ ಸುಮ್ಮನಿರುತ್ತಾನೆ. ಆ ಮೌನವನ್ನು ನಾವು ಗಮನಿಸುವುದು ಕಡಿಮೆ. ಚಿಕ್ಕವರಿಗೆ ಮಾನವೇನು, ಅವಮಾನವೇನು ಎಂದು ನಾರದರು ಸಮಾಧಾನ ಹೇಳಿದಾಗ, ಸುರುಚಿಯ ಮಾತಿನಿಂದ ಒಡೆದ ತನ್ನ ಹೃದಯದಲ್ಲಿ ಆ ಉಪದೇಶ ನಿಲ್ಲದೆಂದು ಬಾಲಕ ನೇರವಾಗಿಯೇ ಹೇಳುತ್ತಾನೆ. ಇನ್ನೂ ಆಶ್ಚರ್ಯವೆಂದರೆ, ಸಾಕ್ಷಾತ್ ಶ್ರೀಹರಿಯ ದರ್ಶನವಾದ ಮೇಲೂ ಧ್ರುವ ಸಂತೃಪ್ತನಾಗಿ ಊರಿಗೆ ಮರಳಲಿಲ್ಲ. ಏಕೆಂದು ವಿದುರ ಕೇಳುತ್ತಾನೆ. ಆ ಮಾತಿನ ಬಾಣಗಳನ್ನು ನೆನೆಯುತ್ತಲೇ ಇದ್ದುದರಿಂದ ಮುಕ್ತಿಯನ್ನು ಬೇಡಲಿಲ್ಲ, ಅನಂತರ ಪರಿತಪಿಸಿದ ಎಂಬುದು ಮೈತ್ರೇಯರ ಉತ್ತರ. ಧ್ರುವನಂತಹ ಮಹಾಭಕ್ತನ ಗತಿಯೇ ಹೀಗಾದರೆ ನಮ್ಮ ಮಕ್ಕಳ ಪಾಡೇನು?

ಅಮೆರಿಕದ ಸ್ಯಾನ್ ಡಿಯಾಗೋ ನಗರದ ವೈದ್ಯರು 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಬೇರೆ ಭಾಷೆಯಲ್ಲಿ ಹೇಳಿತು. ಬಾಲ್ಯದಲ್ಲಿ ಅನುಭವಿಸಿದ ಕಷ್ಟಗಳ ಬಗೆ ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಖಿನ್ನತೆ, ಕುಡಿತ, ಹೃದ್ರೋಗಗಳ ಸಂಭವವೂ ಹೆಚ್ಚು. ಹಳಿಯ ಮೇಲ್ಮೈ ಬೆಳ್ಳಿಯಂತೆ ಹೊಳೆಯುತ್ತಿದ್ದರೂ ಒಳಗೆ ಸಣ್ಣ ಬಿರುಕಿರಬಹುದು; ಶಬ್ದಾತೀತ ತರಂಗ ಹಾಯಿಸಿ ನೋಡಿದರೆ ಮಾತ್ರ ತಿಳಿಯುತ್ತದೆ. ಆದರೆ ಹಳಿಯನ್ನು ಬದಲಾಯಿಸಬಹುದು.

ನಮ್ಮ ತಮಿಳುನಾಡು 2003ರಲ್ಲಿಯೇ ಶಾಲೆಗಳಲ್ಲಿ ದೈಹಿಕ ದಂಡನೆಯನ್ನು ನಿಷೇಧಿಸಿತು. ಮನೆಯ ಕಥೆ ಬೇರೆ. 2007ರಲ್ಲಿ ಕೇಂದ್ರ ಸರ್ಕಾರ 13 ರಾಜ್ಯಗಳ ಸಮೀಕ್ಷೆ ಪ್ರಕಟಿಸಿದಾಗ, ಮೂವರು ಮಕ್ಕಳಲ್ಲಿ ಇಬ್ಬರು ದೈಹಿಕ ಹಿಂಸೆಗೆ ಒಳಗಾದವರೆಂದೂ, ಕುಟುಂಬದೊಳಗೆ ಪೆಟ್ಟು ತಿಂದವರಲ್ಲಿ ಬಹುಪಾಲು ಮಕ್ಕಳನ್ನು ಹೊಡೆದವರು ಹೆತ್ತವರೇ ಎಂದೂ ತಿಳಿದುಬಂತು.

ನಾನು ಕೈ ಎತ್ತಿದವನಲ್ಲವೆಂದು ಹೆಮ್ಮೆಪಡುತ್ತಿದ್ದೆ. ಐದು ವರ್ಷಗಳ ಹಿಂದೆ ನನ್ನ ಕಿರಿಯ ಮಗ ಆ ಹೆಮ್ಮೆಯನ್ನು ಇಳಿಸಿದ. ಅವನಿಗೆ ಎಂಟು ವರ್ಷವಿದ್ದಾಗ ರೈಲ್ವೆ ಕ್ವಾರ್ಟರ್ಸಿನ ನಮ್ಮ ಮನೆಯಲ್ಲಿ ಪೂಜೆಗೆ ಬಂದಿದ್ದ ನೆಂಟರೆದುರು ಸ್ತೋತ್ರ ಹೇಳುತ್ತಾ ತಡವರಿಸಿದನಂತೆ. "ಅಣ್ಣನ ಉಗುರಿಗೂ ಸಮನಲ್ಲ ಇವನು" ಎಂದು ನಾನು ನಕ್ಕೆನಂತೆ. ನನಗದು ನೆನಪೇ ಇಲ್ಲ! ಅವನಿಗೆ ಅಂದು ಉಟ್ಟಿದ್ದ ಪಂಚೆಯ ಅಂಚೂ ನೆನಪಿದೆ. ಇಂದಿಗೂ ಕಚೇರಿಯ ಸಭೆಯಲ್ಲಿ ಎದ್ದು ಮಾತನಾಡಬೇಕಾದರೆ ಅಂಗೈ ಬೆವರುತ್ತದೆಯಂತೆ.

ಧ್ರುವ ಮರಳಿ ಬಂದು ಪಾದಕ್ಕೆರಗಿದಾಗ ಅದೇ ಸುರುಚಿ ಅವನನ್ನೆತ್ತಿ ಅಪ್ಪಿಕೊಂಡು, ಗದ್ಗದ ಕಂಠದಿಂದ ಬಾಳೆಂದು ಹರಸಿದಳು. ನಾನೂ ಆ ರಾತ್ರಿಯೇ ಮಗನ ಕೈ ಹಿಡಿದು ತಪ್ಪಾಯಿತೆಂದೆ. "ಬಿಡಿ ಅಪ್ಪ" ಎಂದನೇ ಹೊರತು ಕೈ ಬಿಡಿಸಿಕೊಳ್ಳಲಿಲ್ಲ. ಈಗ ಅವನ ಮಗಳು ಸ್ತೋತ್ರ ಕಲಿಯುತ್ತಿದ್ದಾಳೆ. ಅವಳು ತಡವರಿಸಿದಾಗ ಅವನು ಪಕ್ಕದಲ್ಲಿ ಕುಳಿತು ಕಾಯುತ್ತಾನೆ. ನಾನೂ ಬಾಯಿ ಮುಚ್ಚಿಕೊಂಡು ಕಾಯುತ್ತೇನೆ.