ಪ್ರಯೋಗಾಲಯ ಯಾರ ಸ್ವತ್ತು?



ಕರಾವಳಿಯಿಂದ ಕುವೈತಿಗೆ ಹೊರಡುವ ಕಾರ್ಮಿಕನಿಗೆ ಪ್ರಯೋಗಾಲಯದ ಪರಿಚಯವಾಗುವುದು ‘ಮೆಡಿಕಲ್’ ಎಂಬ ಹೆಸರಿನಲ್ಲಿ. ವೀಸಾಕ್ಕೆ ಮುನ್ನ ಊರ ಕಡೆಯ ಅಧಿಕೃತ ಕೇಂದ್ರದಲ್ಲಿ ರಕ್ತ ಕೊಡಬೇಕು, ಎದೆಯ ಎಕ್ಸ್‌ರೇ ತೆಗೆಸಬೇಕು; ಕುವೈತಿನಲ್ಲಿ ಇಳಿದ ಮೇಲೆ ವಾಸದ ಪರವಾನಗಿಗಾಗಿ ಮತ್ತೊಮ್ಮೆ ತಪಾಸಣೆ. ಕ್ಷಯವೋ ಹೆಪಟೈಟಿಸ್ಸೋ ಕಂಡುಬಂದರೆ ‘ಅನ್‌ಫಿಟ್’ ಎಂಬ ಒಂದು ಪದದಲ್ಲಿ ಅವನ ಕನಸು ಮುಗಿಯುತ್ತದೆ. ಅಲ್ಲಿ ಪ್ರಯೋಗಾಲಯವೆಂದರೆ ಗಡಿಯ ಕಾವಲುಗಾರ.

ಅದೇ ಕುವೈತಿನಲ್ಲಿ ಬೇರೊಂದು ಬಗೆಯ ಪ್ರಯೋಗಾಲಯವೂ ಇದೆ. ಕುವೈತ್ ವಿಶ್ವವಿದ್ಯಾಲಯ ಆರಂಭವಾದದ್ದು 1966ರಲ್ಲಿ, ಅದರ ವೈದ್ಯಕೀಯ ನಿಕಾಯ 1973ರಲ್ಲಿ. 1990ರ ಇರಾಕಿ ಆಕ್ರಮಣದಲ್ಲಿ ವಿಶ್ವವಿದ್ಯಾಲಯ ಲೂಟಿಗೊಳಗಾಯಿತು. ಎಲ್ಲವನ್ನೂ ಮತ್ತೆ ಕಟ್ಟಬೇಕಾಯಿತು. ಇಂದು ಜಾಬ್ರಿಯಾದ ಆರೋಗ್ಯ ವಿಜ್ಞಾನ ಕೇಂದ್ರದಲ್ಲಿ ‘ರಿಸರ್ಚ್ ಕೋರ್ ಫೆಸಿಲಿಟಿ’ ಎಂಬ ಸಾಮೂಹಿಕ ಪ್ರಯೋಗಾಲಯವೂ ‘ಓಮಿಕ್ಸ್’ ಸಂಶೋಧನಾ ಘಟಕವೂ ಇವೆ. ಅಲ್ಲಿನ ಎಷ್ಟೋ ಸಂಶೋಧನಾ ಲೇಖನಗಳ ಕೊನೆಯ ಕೃತಜ್ಞತೆಯಲ್ಲಿ ‘ಎಸ್‌ಆರ್‌ಯುಎಲ್ 02/13’ ಎಂಬ ಅನುದಾನದ ಸಂಖ್ಯೆ ಕಾಣುತ್ತದೆ. ಅದು ಯಾರೊಬ್ಬರ ಯೋಜನೆಗೂ ಸೇರಿದ್ದಲ್ಲ. ಎಲ್ಲರ ಉಪಕರಣಗಳಿಗೆ ಸಂದ ಹಣ.

ಇಂಥ ವ್ಯವಸ್ಥೆಯ ತರ್ಕ ಕನ್ನಡಿಗರಿಗೆ ಹೊಸದಲ್ಲ. ಕಾನ್‌ಫೋಕಲ್ ಸೂಕ್ಷ್ಮದರ್ಶಕ, ಜೀವಕೋಶಗಳನ್ನು ಎಣಿಸಿ ವಿಂಗಡಿಸುವ ಫ್ಲೋ ಸೈಟೋಮೀಟರ್, ಡಿಎನ್‌ಎ ಓದುವ ಸೀಕ್ವೆನ್ಸರ್, ಪ್ರೋಟೀನುಗಳನ್ನು ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಇವೆಲ್ಲ ಬಹು ದುಬಾರಿ. ನಿರಂತರ ನಿರ್ವಹಣೆ ಬೇಡುವಂಥವು. ಒಬ್ಬ ಪ್ರಾಧ್ಯಾಪಕರ ಕೋಣೆಯಲ್ಲಿ ಬೀಗ ಹಾಕಿಟ್ಟರೆ ವರ್ಷದ ಬಹುಭಾಗ ಧೂಳು ತಿನ್ನುತ್ತವೆ. ಊರ ಕೆರೆಯಂತೆ ಅವು ಎಲ್ಲರಿಗೂ ಸೇರಿರಬೇಕು, ಸರದಿಯ ಮೇಲೆ ಒದಗಬೇಕು. ಕೆರೆಗೆ ನೀರುಗಂಟಿ ಇದ್ದಂತೆ ಇಲ್ಲಿಗೂ ಒಬ್ಬ ನುರಿತ ತಂತ್ರಜ್ಞ ಬೇಕು. ಯಂತ್ರವನ್ನು ಸುಸ್ಥಿತಿಯಲ್ಲಿಡುವವನೂ ಹೊಸ ವಿದ್ಯಾರ್ಥಿಯ ಕೈ ಪಳಗಿಸುವವನೂ ಅವನೇ. ಲೇಖನದ ಮೇಲೆ ಅವನ ಹೆಸರು ಬಹುಪಾಲು ಇರುವುದಿಲ್ಲ. ಬೆಂಗಳೂರಿನ ಎನ್‌ಸಿಬಿಎಸ್ ಆವರಣದಲ್ಲಿ 2009ರಲ್ಲಿ ಆರಂಭವಾದ ಸಿ-ಕ್ಯಾಂಪ್ ಕೂಡ ಇದೇ ತತ್ತ್ವದ್ದು. ಹೊರಗಿನ ಸಂಸ್ಥೆಗಳ ಸಂಶೋಧಕರೂ ಶುಲ್ಕ ತೆತ್ತು ಅಲ್ಲಿನ ಯಂತ್ರಗಳನ್ನು ಬಳಸಬಹುದು.

ಆದರೆ ಯಂತ್ರವನ್ನು ಹಂಚಿಕೊಂಡ ಮಾತ್ರಕ್ಕೆ ವಿಜ್ಞಾನ ಸಾಮೂಹಿಕವಾಗುವುದಿಲ್ಲ. ಯಂತ್ರ ಓದುವುದು ಯಾರದೋ ದೇಹವನ್ನು; ಆ ದೇಹದ ಒಡೆಯನ ಮಾತಿಗೆ ಅಲ್ಲಿ ಬೆಲೆಯಿದೆಯೇ?

ಈ ಪ್ರಶ್ನೆಯನ್ನು ಕುವೈತ್ ಬಹಿರಂಗವಾಗಿಯೇ ಎದುರಿಸಿತು. 2015ರ ಜೂನ್ 26ರಂದು ಇಮಾಮ್ ಅಲ್-ಸಾದಿಕ್ ಮಸೀದಿಯ ಮೇಲಿನ ಬಾಂಬ್ ದಾಳಿಯಲ್ಲಿ 20ಕ್ಕೂ ಹೆಚ್ಚು ಮಂದಿ ಸತ್ತರು. ಅದರ ಬೆನ್ನಿಗೇ ಬಂದ 78ನೇ ಸಂಖ್ಯೆಯ ಕಾನೂನು ಪ್ರಜೆಗಳು, ವಲಸಿಗರು, ಸಂದರ್ಶಕರು ಎಲ್ಲರೂ ಡಿಎನ್‌ಎ ಮಾದರಿ ಕೊಡಬೇಕೆಂದಿತು. ನಿರಾಕರಿಸಿದವರಿಗೆ ಒಂದು ವರ್ಷದವರೆಗೆ ಸೆರೆ. ಪೌರತ್ವವಿಲ್ಲದ ಬಿದೂನ್ ಸಮುದಾಯದ ವಿರುದ್ಧ ಇದು ಆಯುಧವಾದೀತೆಂಬ ಆತಂಕ ಹಬ್ಬಿತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯೂ ಯುರೋಪಿನ ಮಾನವ ತಳಿವಿಜ್ಞಾನ ಸಂಘವೂ ಆಕ್ಷೇಪಿಸಿದವು. 2017ರ ಅಕ್ಟೋಬರಿನಲ್ಲಿ ಕುವೈತಿನ ಸಾಂವಿಧಾನಿಕ ನ್ಯಾಯಾಲಯವೇ ಆ ಕಾನೂನನ್ನು ರದ್ದುಪಡಿಸಿತು. ವಿಜ್ಞಾನಿಗಳ ಅಂಜಿಕೆಗೆ ಕಾರಣವಿತ್ತು: ಬಲವಂತದಿಂದ ಎಂಜಲು ಕಿತ್ತುಕೊಂಡ ನಾಡಿನಲ್ಲಿ ಸಂಶೋಧನೆಗೆ ಮನಸಾರೆ ರಕ್ತ ಕೊಡುವವರು ಯಾರು?

ಕುವೈತಿನ ನಿವಾಸಿಗಳಲ್ಲಿ ಸುಮಾರು ಮೂರನೇ ಎರಡು ಭಾಗ ವಿದೇಶಿಯರು. ಮಧುಮೇಹ, ಹೃದ್ರೋಗಗಳ ಅಧ್ಯಯನ ಅವರನ್ನು ಬಿಟ್ಟರೆ ಅಪೂರ್ಣ. ಅವರಿಗೆ ಅರ್ಥವಾಗದ ಕಾಗದಕ್ಕೆ ಸಹಿ ಹಾಕಿಸಿಕೊಂಡರೆ ಅನ್ಯಾಯ. ಒಪ್ಪಿಗೆ ಪತ್ರ ಅರಬಿ, ಇಂಗ್ಲಿಷಿನಲ್ಲಷ್ಟೇ ಇದ್ದರೆ ಕುಂದಾಪುರದ ಚಾಲಕನಿಗೂ ಕಲಬುರಗಿಯ ಗಾರೆ ಕೆಲಸದವನಿಗೂ ಅದು ಮತ್ತೊಂದು ‘ಮೆಡಿಕಲ್’.

ಹೊರನಾಡಿನ ಕನ್ನಡ ಬರಹಗಾರರಿಗೆ ಇಲ್ಲಿ ನೇರವಾದ ಕೆಲಸವಿದೆ. ‘ನಿಮ್ಮ ರಕ್ತದಲ್ಲಿ ಇಂಥದ್ದನ್ನು ಮಾತ್ರ ಹುಡುಕುತ್ತೇವೆ, ಇಷ್ಟು ಕಾಲ ಇಡುತ್ತೇವೆ, ಬೇಡವೆಂದರೆ ಬಿಡುತ್ತೇವೆ, ಇದಕ್ಕೂ ನಿಮ್ಮ ವೀಸಾಕ್ಕೂ ಸಂಬಂಧವಿಲ್ಲ’ ಎಂಬ ಮಾತುಗಳನ್ನು ಕೂಲಿಕಾರನಿಗೆ ತಿಳಿಯುವ ಕನ್ನಡದಲ್ಲಿ ಬರೆದುಕೊಡುವುದು. ಆ ಮಾತುಗಳನ್ನು ಪ್ರಯೋಗಾಲಯ ಉಳಿಸಿಕೊಳ್ಳುವಂತೆ ಪಟ್ಟು ಹಿಡಿಯುವುದು. ಬೇಡವೆನ್ನುವ ಹಕ್ಕು ಅವನಿಗೆ ದಕ್ಕಿದ ದಿನ ಆ ಪ್ರಯೋಗಾಲಯದಲ್ಲಿ ಅವನಿಗೂ ಒಂದು ಪಾಲು ಇರುತ್ತದೆ.