ಆರಕ್ಕೆ ಗೇಟ್ ತೆಗೀತದೆ, ಆರೂ ಮುಕ್ಕಾಲಿಗೆ ಬೆಳಕಾಗ್ತದೆ

ಇವತ್ತು ಸೈಕಲ್ ವಿಷಯ, ಅದರಲ್ಲೂ ಚಳಿಗಾಲದ ಸೈಕಲ್. ಮೊಬೈಲ್‌ನಲ್ಲಿ ‘ವಿಂಟರ್ ಸೈಕ್ಲಿಂಗ್’ ಅಂತ ಹುಡುಕಿ ನೋಡಿ. ಹಿಮದ ರಸ್ತೆ, ಮೊಳೆ ಹೊಡೆದ ಟೈರು, ಸಾವಿರಾರು ರೂಪಾಯಿಯ ಗ್ಲೌಸು ಬರ್ತವೆ. ನಮ್ಮ ಉಡಿಗಾಲದ ಕಡೆ ಚಳಿಗಾಲದ ಸೈಕಲ್ ಸವಾರ ಅಂದ್ರೆ ಮಂಕಿ ಕ್ಯಾಪ್ ಹಾಕ್ಕೊಂಡು, ಹ್ಯಾಂಡಲ್‌ಗೆ ಹಾಲಿನ ಕ್ಯಾನ್ ಸಿಕ್ಕಿಸ್ಕೊಂಡು ಡೈರಿಗೆ ಹೊರಟ ಯಜಮಾನ್ರು. ಕ್ಯಾರಿಯರ್ ತುಂಬ ಹುಲ್ಲಿನ ಹೊರೆ ಕಟ್ಟಿಕೊಂಡು ಬರೋ ಅಣ್ಣ. ಬೆಳಿಗ್ಗೆ ಟ್ಯೂಷನ್‌ಗೆ ಹೋಗೋ ಹತ್ತನೇ ಕ್ಲಾಸ್ ಹುಡುಗಿ. ಇವರನ್ನ ಯಾರೂ ಸೈಕ್ಲಿಸ್ಟ್ ಅನ್ನಲ್ಲ.

ಸೈಕ್ಲಿಸ್ಟ್ ಅನ್ನಿಸ್ಕೊಳ್ಳೋರು ಈ ಸೀಮೆಗೆ ಬರಲ್ಲ ಅಂತಲ್ಲ. 2008ರ ಡಿಸೆಂಬರ್‌ನಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್‌ನವರು ಮೈಸೂರು, ಊಟಿ ಕಡೆಯ ರಸ್ತೆಗಳಲ್ಲಿ ನೂರಾರು ಕಿಲೋಮೀಟರ್ ತುಳೀತಾರೆ. ಖುಷಿಯ ವಿಷಯವೇ. ಆದರೆ ಅವರ ಹಿಂದೆ ಸಹಾಯಕ್ಕೆ ಅಂತ ಗಾಡಿ ಇರ್ತದೆ. ನಮ್ಮ ಯಜಮಾನ್ರ ಹಿಂದೆ ಬರೋದು ಲಾರಿ.

ಒಂದು ಲೆಕ್ಕ ಹೇಳ್ತೀನಿ, ಗಮನ ಇಟ್ಟು ಕೇಳಿ. ಮೇ ಕೊನೆಯಲ್ಲಿ ನಮ್ಮ ಕಡೆ ಸೂರ್ಯ ಹುಟ್ಟೋದು ಹತ್ತಿರ ಹತ್ತಿರ 5.55ಕ್ಕೆ. ಜನವರಿ ಕೊನೆಯಲ್ಲಿ 6.45 ದಾಟ್ತದೆ. ಹೆಚ್ಚುಕಮ್ಮಿ 50 ನಿಮಿಷದ ವ್ಯತ್ಯಾಸ. ಡಿಸೆಂಬರ್ 21-22ಕ್ಕೆ ಹಗಲು ಕಮ್ಮಿ ಅಂತ ಸ್ಕೂಲಲ್ಲಿ ಓದಿದ್ದೀವಲ್ಲ, ಅದು ಸರಿ. ಆದರೆ ಸೂರ್ಯ ಅತ್ಯಂತ ತಡವಾಗಿ ಹುಟ್ಟೋದು ಅವತ್ತಲ್ಲ. ಸಂಕ್ರಾಂತಿ ಕಳೆದು, ಜನವರಿ ಕೊನೆ ವಾರದ ಹೊತ್ತಿಗೆ. ‘ಸಂಕ್ರಾಂತಿ ಆಯ್ತು, ಇನ್ನೇನು ಬೆಳಕು ಬೇಗ ಆಗ್ತದೆ’ ಅಂತ ನಾವಂದುಕೊಳ್ಳೋ ಹೊತ್ತಲ್ಲೇ ಬೆಳಿಗ್ಗೆ ಕತ್ತಲೆ ಜಾಸ್ತಿ. ಹಸುವಿಗೆ ಈ ಲೆಕ್ಕ ಗೊತ್ತಿಲ್ಲ. ಹಾಲು ಕರೆಯೋ ಹೊತ್ತು ಬದಲಾಗಲ್ಲ, ಡೈರಿ ಹೊತ್ತೂ ಬದಲಾಗಲ್ಲ.

ಇದಕ್ಕೆ ಬಂಡೀಪುರದ ಗೇಟ್ ಸೇರಿಸಿ. 2009ರಿಂದ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ಪ್ರಾಣಿಗಳ ದೃಷ್ಟಿಯಿಂದ ಅದು ಇರಲೇಬೇಕು, ನನಗೆ ಅದರಲ್ಲಿ ಎರಡು ಮಾತಿಲ್ಲ. ಆದರೆ 6ಕ್ಕೆ ಗೇಟ್ ತೆಗೆದಾಗ, ಕಾದು ನಿಂತ ಗಾಡಿಗಳೆಲ್ಲ ಒಟ್ಟಿಗೆ ಹೊರಡ್ತವೆ, ಗೇಟ್ ಹೊತ್ತಿಗೆ ಸರಿಯಾಗಿ ತಲುಪಬೇಕು ಅಂತ ಗುಂಡ್ಲುಪೇಟೆ ಕಡೆಗೆ ಓಡ್ತಿರೋವು ಬೇರೆ. ಬೇಸಿಗೆಯಲ್ಲಿ 6ಕ್ಕೆ ಬೆಳಕಾಗಿರ್ತದೆ. ಪುಷ್ಯದಲ್ಲಿ ಕತ್ತಲೆ, ಮೇಲೆ ಮಂಜು. ಮಂಜಲ್ಲಿ ಹೈ ಬೀಮ್ ಹಾಕಿದ್ರೆ ಡ್ರೈವರ್ ಮುಂದೆ ಬಿಳಿ ಗೋಡೆ ಎದ್ದಹಾಗೆ, ಬೆಳಕೆಲ್ಲ ಹನಿಗಳಿಗೆ ಬಡಿದು ವಾಪಸ್ ಬರ್ತದೆ. ಲಾರಿ 60ರ ಸ್ಪೀಡಲ್ಲಿದೆ, ಸೈಕಲ್ 12ರಲ್ಲಿ ಅದೇ ದಿಕ್ಕಿಗೆ ಹೋಗ್ತಿದೆ, ಸೈಕಲ್ ಕಂಡಿದ್ದು 30 ಮೀಟರ್ ದೂರದಲ್ಲಿ ಅಂತಿಟ್ಕೊಳ್ಳಿ. ಡ್ರೈವರ್ ಕೈಲಿರೋದು ಎರಡೂಕಾಲು ಸೆಕೆಂಡ್. ಬ್ರೇಕ್ ಮೇಲೆ ಕಾಲು ಹೋಗೋಕೇ ಅದರಲ್ಲಿ ಅರ್ಧ ಖರ್ಚು. ದೇಶದಲ್ಲಿ ವರ್ಷಕ್ಕೆ 4 ಸಾವಿರಕ್ಕಿಂತ ಹೆಚ್ಚು ಸೈಕಲ್ ಸವಾರರು ರಸ್ತೆಯಲ್ಲಿ ಸಾಯ್ತಿದ್ದಾರೆ.

ನಮ್ಮೂರ ಯಜಮಾನ್ರೊಬ್ಬರಿಗೆ ಲೈಟ್ ಹಾಕ್ಕೊಳ್ಳಿ ತಾತ ಅಂದೆ. ‘ನಂಗೆ ರೋಡು ಸಂದಾಗೇ ಕಾಣ್ತದೆ ಕನ ಮೊಗ, ಅರವತ್ತು ವರ್ಸದಿಂದ ತುಳೀತಾ ಇವ್ನಿ’ ಅಂದ್ರು. ನಿಜ, ಅವರಿಗೆ ಕಣ್ಣು ಮುಚ್ಚಿದ್ರೂ ದಾರಿ ಗೊತ್ತು. ‘ತಾತ, ಲೈಟ್ ನಿಮಗಲ್ಲ, ಹಿಂದೆ ಬರೋನಿಗೆ’ ಅಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಸೈಕಲ್ ತಿರುಗಿಸಿ ನಿಲ್ಲಿಸಿದ್ರು. ಹಿಂದಿನ ರಿಫ್ಲೆಕ್ಟರ್ ಒಡೆದು ಎಷ್ಟೋ ವರ್ಷ ಆಗಿತ್ತು.

ಹೊಸ ಸೈಕಲ್‌ಗಳ ರಿಫ್ಲೆಕ್ಟರ್ ಗುಣಮಟ್ಟದ ಬಗ್ಗೆ ಕೇಂದ್ರ ಸರ್ಕಾರ 2020ರಲ್ಲೇ ಆದೇಶ ತಂದಿದೆ. ನಮ್ಮೂರಲ್ಲಿ ಓಡೋದು ಹಳೇ ಸೈಕಲ್. ಎಷ್ಟೋ ಮನೆಯಲ್ಲಿ ಇರೋದು 2006–07ರಲ್ಲಿ ಶುರುವಾದ ಸರ್ಕಾರಿ ಯೋಜನೆಯಲ್ಲಿ ಎಂಟನೇ ಕ್ಲಾಸಿಗೆ ಕೊಟ್ಟ ಸೈಕಲ್. ಮಗಳು ಮದುವೆಯಾಗಿ ಹೋದಳು, ಸೈಕಲ್ ಅಪ್ಪನಿಗೆ ಉಳೀತು. ಕೋವಿಡ್ ಸಮಯದಲ್ಲಿ ಆ ಯೋಜನೆಯೂ ನಿಂತುಹೋಯ್ತು.

ಕೆಲವು ವರ್ಷದ ಹಿಂದೆ ನಮ್ಮೂರ ಹುಡುಗರು ಸೈಕಲ್‌ಗಳಿಗೆ ರೇಡಿಯಂ ಸ್ಟಿಕ್ಕರ್ ಅಂಟಿಸೋ ಕೆಲಸ ಶುರು ಮಾಡಿದ್ರು. ಒಂದೇ ಚಳಿಗಾಲಕ್ಕೆ ನಿಂತಿತು. ಈ ಸಲ ನಾವು ಆರು ಜನ ಮತ್ತೆ ಶುರು ಮಾಡಿದ್ದೀವಿ. ಆಗ ಯಾಕೆ ನಿಂತಿತು? ದುಡ್ಡಿಲ್ಲದೆ ಅಲ್ಲ. ಬಿ.ಕಾಂ ಓದಿದವನ ಭಾಷೆಯಲ್ಲಿ ಹೇಳೋದಾದ್ರೆ, ಡಿಪ್ರಿಸಿಯೇಷನ್ ಲೆಕ್ಕ ಯಾರೂ ಬರೆದಿರಲಿಲ್ಲ. ಅಂಟಿಸಿದ ದಿನ ಫೋಟೋ, ಸ್ಟೇಟಸ್ಸು, ಎಲ್ಲ ಆಯ್ತು. ಎರಡೇ ತಿಂಗಳಲ್ಲಿ ಸ್ಟಿಕ್ಕರ್ ಮೇಲೆ ಕೆಸರು, ಸಗಣಿ. ಮಡ್‌ಗಾರ್ಡ್‌ಗೆ ಅಂಟಿಸಿದ್ದು ಹುಲ್ಲಿನ ಹೊರೆ ಕೆಳಗೆ ಮುಚ್ಚಿಹೋಯ್ತು. ಒರೆಸೋಕೆ ಯಾರೂ ಬರಲಿಲ್ಲ.

ಫಿನ್‌ಲ್ಯಾಂಡಿನ ಔಲು ಅಂತ ಊರಿದೆ. 2013ರಲ್ಲಿ ಮೊದಲ ವಿಂಟರ್ ಸೈಕ್ಲಿಂಗ್ ಕಾಂಗ್ರೆಸ್ ನಡೆದಿದ್ದು ಅಲ್ಲೇ. ಅಲ್ಲಿ ಹಿಮದಲ್ಲೂ ಮಕ್ಕಳು ಸೈಕಲ್‌ನಲ್ಲೇ ಸ್ಕೂಲಿಗೆ ಹೋಗ್ತಾರೆ. ಅವರೇನು ನಮಗಿಂತ ಗಟ್ಟಿ ಜನ ಅಂತಲ್ಲ, ಜನ ಹೊರಡೋ ಮೊದಲೇ ಮುಖ್ಯ ಸೈಕಲ್ ದಾರಿಯ ಹಿಮ ತೆಗೆದಿರ್ತಾರೆ. ದಿನಾ ಮಾಡೋ ಬೇಜಾರಿನ ಕೆಲಸ, ಅಷ್ಟೇ.

ಅದಕ್ಕೆ ಈ ಸಲ ನಮ್ಮ ಹತ್ತಿರ ಒಂದು ನೋಟ್‌ಬುಕ್ ಇದೆ. ಯಾವ ಸೈಕಲ್, ಯಾವತ್ತು ಅಂಟಿಸಿದ್ದು, ಯಾವತ್ತು ಒರೆಸಿದ್ದು, ಎಲ್ಲ ಬರೀತೀವಿ. ಸ್ಟಿಕ್ಕರ್ ಜಾಗವನ್ನೂ ಬದಲಾಯಿಸಿದ್ದೀವಿ: ಪೆಡಲ್‌ನ ಹಿಂದೆ ಮುಂದೆ, ಚಕ್ರದ ಕಡ್ಡಿಗೆ. ಪೆಡಲ್ ಮೇಲೆ ಕೆಳಗೆ ಆಡೋದ್ರಿಂದ ‘ಇದು ಮನುಷ್ಯ ತುಳೀತಿರೋದು’ ಅಂತ ಡ್ರೈವರ್‌ಗೆ ದೂರದಿಂದಲೇ ಗೊತ್ತಾಗ್ತದೆ, ಹೊರೆ ಎಷ್ಟೇ ದೊಡ್ಡದಿದ್ರೂ ಮುಚ್ಚಿಹೋಗಲ್ಲ. ಕೆಂಪು ಬ್ಲಿಂಕರ್ ಲೈಟ್ ಹಾಕಿಸ್ಕೊಂಡವರು ಅದನ್ನ ಹೊರೆಗೇ ಸಿಕ್ಕಿಸಬೇಕು, ಕ್ಯಾರಿಯರ್‌ಗಲ್ಲ. ಹೊರೆ ಇಳಿಸುವಾಗ ಲೈಟ್ ಹುಲ್ಲಿನ ಜೊತೆ ಕೊಟ್ಟಿಗೆಗೆ ಹೋಗೋ ಅಪಾಯ ಇದೆ, ಒಂದು ಹೋಗಿಯೂ ಆಗಿದೆ. ಹಸು ತಿನ್ನಲಿಲ್ಲ, ಪುಣ್ಯ.

ಪ್ರತಿ ಭಾನುವಾರ ಹಾಲು ಹಾಕೋ ಹೊತ್ತಿಗೆ ಒದ್ದೆ ಬಟ್ಟೆ ಹಿಡ್ಕೊಂಡು ಡೈರಿ ಮುಂದೆ ಇರ್ತೀವಿ, ಫೆಬ್ರವರಿ ಮುಗಿಯೋ ತನಕ. ನಿಮ್ಮೂರಲ್ಲೂ ಶುರು ಮಾಡೋದಾದ್ರೆ ಮೊದಲು ರೇಡಿಯಂ ರೋಲ್ ತರಬೇಡಿ. ನಾಲ್ಕನೇ ಭಾನುವಾರ ಯಾರು ಬರ್ತಾರೆ ಅಂತ ಕೇಳಿ ಹೆಸರು ಬರ್ಕೊಳ್ಳಿ, ಆಮೇಲೆ ಅಂಗಡಿಗೆ ಹೋಗಿ.